ಶೆಟಿಗೆವ್ವ ಬರೆಯದ ಹಾಳೆ

ಬ್ಯಾಡಗಿ, ಜನವರಿ ೧೦, ೧೯೯೧

ಈ ಡೈರಿ ಹನುಮಪ್ಪ ಕೊಟ್ಟದ್ದು. ಅವನು ಗುಮಾಸ್ತನಾಗಿರುವ ಮೆಣಸಿನಕಾಯಿ ದಲಾಲಿ ಅಂಗಡಿಯವರು ಹೊಸ ವರ್ಷಕ್ಕೆ ಹಂಚಿದ್ದಂತೆ. "ಅಕ್ಕಾರ, ನೀವು ಮುಲ್ಕಿ ಪರೀಕ್ಷಾ ಪಾಸಾದವರು, ನೀವ ಇಟಗೊಳ್ರಿ. ನಮ್ಮ ಮನ್ಯಾಗ ಬರಿಯೋರು ಯಾರದಾರ?" ಎಂದ. ತಂಗಿಯ ಗಂಡ. ಎದುರಿಗೆ ಹನುಮಪ್ಪನವರು, ಇಲ್ಲಿ ಬರೀ ಹನುಮಪ್ಪ. ಏನು ಬರೆಯಬೇಕೋ ಗೊತ್ತಿಲ್ಲ. ಒಳ್ಳೆಯ ಹಾಳೆ, ಖಾಲಿ ಬಿಡಲು ಮನಸ್ಸು ಬರಲಿಲ್ಲ, ಅಷ್ಟೆ.

ಮೊನ್ನೆ ಮಂಗಳವಾರ ತಂಗಿ ಜಯವ್ವ ಹಡೆದಳು. ಮೂರನೆಯದೂ ಹೆಣ್ಣು. ಅವಳ ಅತ್ತೆ ಕರಿಯವ್ವ ಕೂಸಿನ ಮುಖ ನೋಡಿ, ಬಸ್ಸು ತಪ್ಪಿಸಿಕೊಂಡವರ ಹಾಗೆ, "ಆತು ಬಿಡು" ಎಂದು ಹೊರಗೆ ಹೋಗಿ ಕುಳಿತಳು.

ನಮ್ಮ ಅವ್ವ ಇಲ್ಲದ್ದರಿಂದ ಬಾಣಂತನಕ್ಕೆ ನಾನೇ ಬಂದಿದ್ದೇನೆ. ಇವಳ ಮೊದಲಿನ ಎರಡೂ ನಾನೇ ಮಾಡಿದ್ದು. ಹಾವೇರಿಯ ತಮ್ಮನ ಹೆಂಡತಿಯದು, ಚಿಕ್ಕಪ್ಪನ ಹೆಣ್ಣುಮಕ್ಕಳದು, ಎಲ್ಲ ನಾನೇ. ಮೇಡ್ಲೇರಿಯಲ್ಲಿ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ನಾನು ರಾಣೇಬೆನ್ನೂರಿಗೆ ಬಂದು, ಒಂದು ಖೋಲಿ ಹಿಡಿದು, ಹೊಲಿಗೆ ಮಷೀನು ಇಟ್ಟುಕೊಂಡೆ. ಮಕ್ಕಳಾಗಲಿಲ್ಲ. ಹಾಗಾಗಿ ಬಳಗದಲ್ಲಿ ಯಾರು ಬಸುರಿಯಾದರೂ ಒಂದೇ ಮಾತು: "ಉಚ್ಚಕ್ಕ ಹೆಂಗೂ ಖಾಲೀ ಅದಾಳ." ಹೊಲಿಯಲು ಬಂದ ಬಟ್ಟೆ ಮಷೀನಿನ ಮೇಲೆ ಹಾಗೇ ಬಿದ್ದಿರುತ್ತದೆ, ನಾನು ಮಾತ್ರ ಖಾಲಿ.

ನೀರು ಕಾದಿರಬೇಕು. ಎದ್ದೆ.

ಜನವರಿ ೧೩

ನಿನ್ನೆ ಕೂಸಿಗೆ ಐದನೆಯ ದಿನ, ಶೆಟಿಗೆವ್ವನ ಪೂಜೆ. ಈ ತಾಯಿ ಐದನೆಯ ದಿನ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ, ಅದಕ್ಕೆ ಅವಳ ಮುಂದೆ ಖಾಲಿ ಹಾಳೆ, ಪೆನ್ನು ಇಡಬೇಕು. ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೂಡಿಸಿಯಾಯಿತು, ದೀಪ ಹಚ್ಚಿಯಾಯಿತು, ಹಾಳೆ ಮಾತ್ರ ಸಿಗಲಿಲ್ಲ. ಮನೆಯಲ್ಲಿದ್ದದ್ದೆಲ್ಲ ಅಂಗಡಿಯ ಚೀಟಿಗಳು, ಹಿಂದೆ ಮುಂದೆ ಬರೆದದ್ದು. ಕರಿಯವ್ವ ಸೀದಾ ನನ್ನ ದಿಂಬಿನ ಕೆಳಗಿನಿಂದ ಈ ಡೈರಿ ಎಳೆದು, ಜೂನ್ ತಿಂಗಳ ಯಾವುದೋ ಹಾಳೆ ತೆರೆದು ದೇವಿಯ ಮುಂದೆ ಇಟ್ಟಳು. ಅದು ನನ್ನದು ಅನ್ನಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು, "ಇರಲಿ ಬಿಡ್ರಿ, ನಡಿತೈತಿ."

ಇವತ್ತು ಮುಂಜಾನೆ ತೆಗೆದು ನೋಡಿದೆ. ಅರಿಶಿನ ಬಿದ್ದಿದೆ, ಮೂಲೆಗೆ ಎಣ್ಣೆ ಹತ್ತಿದೆ. ಅಷ್ಟೆ.

"ಬರದಿರ್ತಾಳ ಆಕಿ. ಅದು ನಮ್ಮ ಕಣ್ಣಿಗೆ ಕಾಣೂದಲ್ಲ," ಎಂದಳು ಕರಿಯವ್ವ. "ಆ ಹಾಳಿ ಮ್ಯಾಲ ನೀ ಏನೂ ಗೀಚಬ್ಯಾಡ ಮತ್ತ."

ನನ್ನ ಹಣೆಗೆ ಬರೆಯಲು ಬಂದ ದಿನ ಅವಳಿಗೆ ಬೇರೆ ನಾಲ್ಕು ಮನೆ ಇದ್ದಿರಬೇಕು. 'ಬಾಣಂತನ ಮಾಡಿಕೊಂಡಿರು' ಎಂದಷ್ಟೇ ಗೀಚಿ ಎದ್ದು ಹೋಗಿದ್ದಾಳೆ.

ಜನವರಿ ೧೯

ಸೊಂಟ ನೋವು. ಕೂಸು ಮಲಗಲೇ ಇಲ್ಲ. ಜಂಪರಿನ ತೋಳು ಬಿಗಿಯಾಗಿ ಕೈ ಎತ್ತಲು ಆಗುವುದಿಲ್ಲ. ದಣಿವಿಗೆ ಮೈ ಊದಿರಬೇಕು.

ಜನವರಿ ೨೭

ಇವತ್ತು ಇದನ್ನು ಸರಿಯಾಗಿ ಬರೆದಿಡಬೇಕು.

ರವಿವಾರ, ಹನುಮಪ್ಪ ಮನೆಯಲ್ಲೇ ಇದ್ದ. ಊಟವಾದ ಮೇಲೆ ಕರಿಯವ್ವ ನನ್ನನ್ನು ಕರೆದು ಕೂಡಿಸಿಕೊಂಡಳು. "ನೋಡವಾ ಉಚ್ಚವ್ವಾ, ನಾವೆಲ್ಲಾ ಮಾತಾಡೇವಿ. ಈ ಕೂಸಿನ್ನ ನಿನ್ನ ಉಡಿಯಾಗ ಹಾಕ್ತೇವಿ. ತೊಟ್ಟಿಲ ಕಾರ್ಯದ ದಿನ, ಎಲ್ಲಾರ ಮುಂದ. ಇನ್ನ ಮ್ಯಾಲ ಅದು ನಿಂದ. ನಿನಗೂ ಮುಪ್ಪಿನ ಕಾಲಕ್ಕ ಒಂದು ಜೀವ ಆಕ್ಕೈತಿ."

ಹನುಮಪ್ಪ ತಲೆ ಆಡಿಸಿದ. ಜಯವ್ವ ಹೊರಸಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ನನಗೆ ಅಳು ಬಂತು. ಮೇಡ್ಲೇರಿಯಲ್ಲಿದ್ದಾಗ ಹೊಳೆಯ ದಂಡೆಯಲ್ಲಿ ನಾನು ಹರಕೆ ಹೊರದ ಗುಡಿ ಇರಲಿಲ್ಲ. ಒದ್ದೆ ಸೀರೆಯಲ್ಲಿ ಸುತ್ತು ಹಾಕಿ ಹಾಕಿ ಮೊಳಕಾಲು ಹೋದವು. ಆಗ ಕೊಡದಿದ್ದದ್ದನ್ನು ಈಗ ಕರೆದು ಕೊಡುತ್ತಿದ್ದಾರೆ. ಅಳದೆ ಇನ್ನೇನು?

"ಬ್ಯಾಡ ಬಿಡ್ರಿ ಅತ್ತೀ, ನನಗ್ಯಾಕ ಇಷ್ಟು ದೊಡ್ಡದು," ಎಂದೆ. ಉಡಿ ತುಂಬುವಾಗ, ಸೀರೆ ಕೊಡುವಾಗ ಎಲ್ಲರೂ ಅನ್ನುವ ಮಾತು.

"ಬ್ಯಾಡ ಅಂದ್ಲಂದ್ರ ಒಪ್ಪಿದ್ಲು ಅಂತ ತಿಳಕೊ," ಎಂದು ಕರಿಯವ್ವ ಮಗನಿಗೆ ಹೇಳಿ ನಕ್ಕಳು. ಇಷ್ಟು ದಿನದಲ್ಲಿ ಅವಳು ನಕ್ಕದ್ದು ಇದೇ ಮೊದಲು.

ಜನವರಿ ೩೦

ಕೂಸಿಗೆ ಎರೆಯುವಾಗ, ಅದನ್ನು ಕಾಲ ಮೇಲೆ ಮಲಗಿಸಿಕೊಂಡು, "ನನ್ನ ಮಗಳು" ಎಂದು ಸಣ್ಣ ದನಿಯಲ್ಲಿ ಅಂದು ನೋಡಿದೆ. ಕೂಸು ಆಕಳಿಸಿತು. ನನಗೂ ಆಕಳಿಕೆ ಬಂತು.

ಕೂಸು ಚೆಂದ ಇದೆ. ಬಜೆ ತೇಯ್ದು ನೆಕ್ಕಿಸಿದರೆ ಮುಖ ಕಿವುಚುವುದು ನಮ್ಮ ಅವ್ವನ ಹಾಗೇ. ಎತ್ತಿಕೊಂಡರೆ ಸುಮ್ಮನಾಗುತ್ತದೆ. ಏನು ಹೆಸರು ಇಡಲಿ ಎಂದು ಮಧ್ಯಾಹ್ನವೆಲ್ಲ ಯೋಚಿಸಿದೆ, ಒಂದೂ ಹೊಳೆಯಲಿಲ್ಲ. ಯೋಚಿಸಲು ಕುಳಿತರೆ, ಮಷೀನಿನ ಮೇಲೆ ಬಿಟ್ಟು ಬಂದ ಆ ನೀಲಿ ಜಂಪರಿಗೆ ಕೊರಳು ಚೌಕ ಇಡಲೋ, ದುಂಡು ಇಡಲೋ ಎಂಬಲ್ಲಿಗೇ ಮನಸ್ಸು ಹೋಗುತ್ತದೆ.

ಸಂತೋಷವಾಗಬೇಕಿತ್ತು. ಆಗಿದೆ, ಒಳಗೆಲ್ಲೋ ಆಗಿರಬೇಕು. ನಿದ್ದೆ ಸರಿಯಾದರೆ ಗೊತ್ತಾಗುತ್ತದೆ.

ಫೆಬ್ರುವರಿ ೩

ಹಾವೇರಿಯಿಂದ ತಮ್ಮ ಗುಡದಪ್ಪ ಬಂದಿದ್ದ. ಪೇರಲ ಹಣ್ಣು ತಂದಿದ್ದ, ನನಗೆ ಇಷ್ಟವೆಂದು. ಇಷ್ಟ ಇದ್ದದ್ದು ಜಯವ್ವನಿಗೆ, ನನಗಲ್ಲ. ತಿಂದೆ.

"ಹಿತ್ತಲ ಖೋಲಿ ಸುಣ್ಣ ಹಚ್ಚಿಸೇನಿ ಅಕ್ಕಾ. ಕೂಸಿನ್ನ ಕರಕೊಂಡು ಸೀದಾ ಹಾವೇರಿಗೆ ಬಂದ್ಬಿಡು. ರಾಣೇಬೆನ್ನೂರಾಗ ಒಬ್ಬಾಕಿ ಕುಂತು ಏನ್ ಮಾಡ್ತಿ? ನಮ್ಮಾಕಿ ಅಂಗನವಾಡಿಗೆ ಸೇರ್ಯಾಳ, ನಮ್ಮ ಹುಡುಗರ್ನೂ ನೋಡಿಕೊಂಡಂಗಾತು."

"ಮಷೀನು?"

"ಅದನ್ಯಾಕ ಹೊತ್ತಗೊಂಡು ಅಡ್ಡಾಡ್ತಿ? ಅಲ್ಲೇ ಯಾರಿಗರೆ ಕೊಟ್ಟುಬಿಡು. ಕೂಸು ಸಂಭಾಳಿಸೂದರಾಗ ಹೊಲಿಯಾಕ ಎಲ್ಲಿ ಆಕ್ಕೈತಿ ನಿನಗ?"

ಅವನ ಮಾತು ಕೆಟ್ಟದ್ದಲ್ಲ. ಅಕ್ಕ ಒಬ್ಬಳೇ ಇದ್ದಾಳೆಂದು ಅವನಿಗೆ ಯಾವಾಗಲೂ ಸಂಕಟ. ಒಂದು ಸಲ ಹೋಗಿ ಖೋಲಿ ಬಿಡುತ್ತೇನೆಂದು ಮಾಲಕಿಗೆ ಹೇಳಿ ಬಾ ಎಂದ. ನಡಿತೈತಿ ಎಂದೆ.

ಫೆಬ್ರುವರಿ ೭

ರಾಣೇಬೆನ್ನೂರಿಗೆ ಹೋಗಿ ಬಂದೆ. ಖೋಲಿ ಬಿಡುವ ಮಾತು ಹೇಳುವುದು, ಕೂಸಿಗೆ ಕುಂಚಿಗೆ ಹೊಲಿದು ತರುವುದು, ಎರಡೇ ಕೆಲಸ. ಊಟದ ಹೊತ್ತಿಗೆ ತಿರುಗಿ ಬರುತ್ತೇನೆ ಎಂದಿದ್ದೆ.

ಖೋಲಿಯ ಬೀಗ ತೆಗೆದರೆ ಬಟ್ಟೆಯ ಗಂಜಿಯ ವಾಸನೆ, ಮಷೀನಿನ ಎಣ್ಣೆಯ ವಾಸನೆ. ಮಷೀನಿಗೆ ಜೇಡ ಬಲೆ ಕಟ್ಟಿತ್ತು. ಒರೆಸಿ, ಎಣ್ಣೆ ಬಿಟ್ಟು ಕಾಲು ಆಡಿಸಿದೆ. ಮೊದಲು ಗೊಣಗಿ ಆಮೇಲೆ ಓಡಿತು. ಕುಂಚಿಗೆ ಮುಗಿಯಿತು. ಮತ್ತೆ ಕೈ ಸುಮ್ಮನಿರದೆ ಆ ನೀಲಿ ಜಂಪರನ್ನೂ ಮುಗಿಸಿದೆ. ಕೊರಳು ಚೌಕ ಇಟ್ಟೆ. ಒಪ್ಪುತ್ತದೆ.

ಮಾಲಕಿ ಬಿಸ್ಮಿಲ್ಲಾಬಿ ಅಂಗಳದಿಂದಲೇ ಕೂಗಿದಳು. "ಮಷೀನ್ ಸಪ್ಪಳ ಕೇಳಿ ಮನಿ ತುಂಬಿದಂಗಾತು ನೋಡವಾ. ನಿಮ್ಮ ತಮ್ಮ ಬಂದಿದ್ದ. ಖೋಲಿ ಬಿಡ್ತೀ ಅಂದ. ಖರೇ ಏನು?"

ಉಡಿಯಲ್ಲಿ ಕೂಸು ಹಾಕುವ ಸುದ್ದಿ ಹೇಳಿದೆ. ಹಾವೇರಿ, ಹಿತ್ತಲ ಖೋಲಿ, ಎಲ್ಲ ಹೇಳಿದೆ.

"ಕರಿಯವ್ವ ಅಂದದ್ದು ಹೇಳಿದಿ, ತಮ್ಮ ಅಂದದ್ದು ಹೇಳಿದಿ. ನಿನಗೇನು ಬೇಕು?"

ನನಗೆ ನಗು ಬಂತು. ಬಿಸ್ಮಿಲ್ಲಾಬಿ ನಗಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತಳು. ಇಂಥ ಪ್ರಶ್ನೆ ಕೇಳಿ ಮುಖ ನೋಡುತ್ತ ನಿಂತರೆ ಏನು ಹೇಳುವುದು? ಹೊತ್ತಾಯಿತು ಎಂದು ಒಳಗೆ ಬಂದುಬಿಟ್ಟೆ.

ಬಸ್ಸಿಗೆ ಇನ್ನೂ ವೇಳೆ ಇತ್ತು. ಒಂದು ಗಳಿಗೆ ಅಡ್ಡಾದೆ. ಎಚ್ಚರಾದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿ ಹೋಗಿತ್ತು. ಯಾರೂ ಕರೆದಿರಲಿಲ್ಲ. ಎದ್ದು, ಒಲೆ ಹಚ್ಚಿ, ನನ್ನ ಲೋಟದಲ್ಲಿ ನನಗೆಂದೇ ಚಹಾ ಮಾಡಿಕೊಂಡು, ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕುಡಿದೆ. ಅದು ಬಿಸಿ ಇತ್ತು.

ದೀಪ ಹಚ್ಚುವ ಹೊತ್ತಿಗೆ ಬ್ಯಾಡಗಿ ಮುಟ್ಟಿದೆ. ಕರಿಯವ್ವ ಬಯ್ದಳು, ಬಯ್ಯುವುದೇ. ಇಷ್ಟೆಲ್ಲ ಹೇಳಿಯೂ, ಖೋಲಿ ಬಿಡುತ್ತೇನೆ ಎಂಬ ಒಂದು ಮಾತನ್ನು ಹೇಳುವುದೇ ಮರೆತು ಬಂದಿದ್ದೇನೆ. ಇತ್ತೀಚೆಗೆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ.

ಫೆಬ್ರುವರಿ ೧೪

ಇವತ್ತು ನನ್ನಿಂದ ಒಂದು ತಪ್ಪಾಯಿತು.

ಈ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಹನುಮಪ್ಪ ಮಾರ್ಕೆಟ್ಟಿನಿಂದ ಬಂದರೆ ಹಿತ್ತಲಿನಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿಯೇ ಒಳಗೆ ಬರಬೇಕು. ಮೆಣಸಿನಕಾಯಿ ರಾಶಿಯ ನಡುವೆ ಓಡಾಡಿದ ಬಟ್ಟೆ ಬೇಲಿಯ ಕಡೆಯ ಹಗ್ಗಕ್ಕೆ, ಕೂಸಿನ ಬಟ್ಟೆ ಬಚ್ಚಲ ಕಡೆಯ ಹಗ್ಗಕ್ಕೆ. ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಪ್ರತಿ ಬಾಣಂತಿ ಮನೆಯಲ್ಲೂ ಹೀಗೇ. ಇದನ್ನು ಮೊದಲ ಬಾಣಂತನದಲ್ಲಿ ಎಲ್ಲರಿಗೂ ಕಟ್ಟಪ್ಪಣೆ ಮಾಡಿದವಳೇ ನಾನು.

ಅಂಥ ನಾನು ಇವತ್ತು ಕೂಸಿಗೆ ಎರೆದು, ನಿದ್ದೆಗೆ ನನ್ನ ಕಣ್ಣು ಎಳೆಯುತ್ತಿದ್ದಂತೆ ಕೈಗೆ ಸಿಕ್ಕ ವಲ್ಲಿ ಎಳೆದು ಸುತ್ತಿದೆ. ಅದು ಹನುಮಪ್ಪ ಮೆಣಸಿನಕಾಯಿ ಧೂಳಿಗೆ ಮೂಗು ಬಾಯಿಗೆ ಕಟ್ಟಿಕೊಂಡು ಹೋಗುವ ವಲ್ಲಿ. ಅವನೂ ಅವಸರದಲ್ಲಿ ಬಚ್ಚಲ ಕಡೆಯ ಹಗ್ಗಕ್ಕೆ ಎಸೆದು ಹೋಗಿದ್ದ. ಕೂಸು ಉಸಿರು ಕಟ್ಟುವ ಹಾಗೆ ಚೀರಿತು. ಬಿಸಿನೀರಿಗೆ ಅರಳಿದ ಮೈಯೆಲ್ಲ ಕೆಂಪು ಕೆಂಪು. ಜಯವ್ವ ಹೊರಸಿನಿಂದ ಹಾರಿ ಓಡಿ ಬಂದು ಕಸಿದುಕೊಂಡಳು. ತಣ್ಣೀರು ಹಾಕಿ ಹಾಕಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿದೆವು. ಡಾಕ್ಟರಿಗೂ ತೋರಿಸಿದೆವು. ಸಂಜೆ ಹೊತ್ತಿಗೆ ಹಾಲು ಕುಡಿದು ಮಲಗಿತು.

ಫೆಬ್ರುವರಿ ೧೫

ಕೂಸು ಆರಾಮ ಇದೆ. ಕೆಂಪು ಇಳಿದಿದೆ.

ಮುಂಜಾನೆ ಕರಿಯವ್ವ ಮಗನ ಮುಂದೆ ನನಗೆ ಕೇಳುವ ಹಾಗೇ ಅಂದಳು, "ಇಂಥಾಕಿ ಕೈಯಾಗ ಹೆಂಗ ಕೂಸು ಕೊಡೂದು? ಆ ಮಾತು ಬಿಟ್ಟುಬಿಡು."

ಬರೆಯಲು ನಾಚಿಕೆ. ಆದರೂ ಇದನ್ನು ಓದುವವರು ಯಾರಿದ್ದಾರೆ? ಆ ಮಾತು ಕೇಳಿ ನನ್ನ ಮೈ ಹಗುರಾಯಿತು. ತುಂಬಿದ ಕೊಡ ಯಾರೋ ತಲೆಯಿಂದ ಇಳಿಸಿದ ಹಾಗೆ. ರೊಟ್ಟಿ ರುಚಿ ಹತ್ತಿತು. ಇನ್ನೊಂದು ಹಾಕಿಸಿಕೊಂಡು ತಿಂದೆ. ಕೂಸಿಗೆ ಹಾಗೆ ಮಾಡಿದವಳು ನಾನು, ಅಳಬೇಕಾದವಳು ನಾನು. ಅತ್ತದ್ದೂ ಹೌದು, ನಿನ್ನೆ. ಇವತ್ತು ಎಲ್ಲರೂ ನನ್ನನ್ನು ಸಮಾಧಾನ ಮಾಡಲು ನೋಡುತ್ತಿದ್ದಾರೆ, ನಾನು ರೊಟ್ಟಿ ತಿನ್ನುತ್ತಿದ್ದೇನೆ. ನಾನು ಎಂಥ ಹೆಂಗಸು?

ಫೆಬ್ರುವರಿ ೧೭

"ತಪ್ಪು ಯಾರ ಕಡಿಂದ ಆಗಂಗಿಲ್ಲರಿ ಅಕ್ಕಾರ? ವಲ್ಲಿ ಅಲ್ಲಿ ಒಗದಾಂವ ನಾನು," ಎಂದ ಹನುಮಪ್ಪ. "ಅವ್ವನ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಶುಕ್ರವಾರ ತೊಟ್ಟಿಲಕ್ಕ ಹಾಕೂದು, ನಿಮ್ಮ ಉಡಿಯಾಗ ಹಾಕೂದು, ಎಲ್ಲಾ ಅಂದಂಗನ."

ಕೊಡ ಮತ್ತೆ ತಲೆಯ ಮೇಲೆ ಬಂತು.

"ಬ್ಯಾಡ್ರಿ," ಎಂದೆ.

"ಸಿಟ್ಟಾಗ್ಯಾಳ," ಎಂದಳು ಕರಿಯವ್ವ.

"ಸಿಟ್ಟಿಲ್ಲ ಅತ್ತೀ. ಖರೇನ ಬ್ಯಾಡ."

ಹನುಮಪ್ಪ ಪೇಟೆಗೆ ಹೋಗಿ ಸಿಹಿ ತಂದ. ನಾನು ಮುನಿಸಿಕೊಂಡಿದ್ದೇನೆಂದು ಇಬ್ಬರೂ ಸೇರಿ ಒತ್ತಾಯ ಮಾಡಿ ತಿನ್ನಿಸಿದರು. ಅದಕ್ಕೂ ಮೊದಲು ಬ್ಯಾಡ ಅಂದೆ, ಆಮೇಲೆ ತಿಂದೆ. ಅವರನ್ನು ಯಾಕೆ ಅನ್ನಲಿ? ಇಷ್ಟು ವರ್ಷ ಬ್ಯಾಡ ಬ್ಯಾಡ ಅಂದು ಎಲ್ಲವನ್ನೂ ತೆಗೆದುಕೊಂಡವಳು ನಾನೇ. ಈಗ ಬ್ಯಾಡ ಅಂದರೆ ಯಾರ ಕಿವಿಗೆ ಬೀಳಬೇಕು?

ಮಧ್ಯಾಹ್ನ ಜಯವ್ವನ ತಲೆಗೆ ಎಣ್ಣೆ ಹಚ್ಚುವಾಗ ಅವಳು ಮೆಲ್ಲಗೆ ಅಂದಳು, "ಅಕ್ಕಾ, ಬ್ಯಾರೆ ಯಾರಿಗಾದ್ರೂ ನಾ ಕೊಡ್ತಿದ್ದಿಲ್ಲ. ನೀ ಹೊಳಿ ದಂಡಿಗುಂಟ ಹರಕಿ ಹೊತ್ತದ್ದು ನನಗ ಗೊತ್ತಿಲ್ಲೇನು? ನಿನಗಂತ ಕೊಡಾಕತ್ತೇನಿ."

ಅವಳ ಕುತ್ತಿಗೆ ನಡುಗುತ್ತಿತ್ತು. ನನ್ನ ಆಸೆ ತೀರಲೆಂದು ಇವಳು ತನ್ನ ಕೂಸು ಕೊಡುತ್ತಿದ್ದಾಳೆ. ಇವಳು ಬೇಸರ ಮಾಡಿಕೊಂಡಾಳೆಂದು ನಾನು ತೆಗೆದುಕೊಳ್ಳುತ್ತಿದ್ದೇನೆ. ಎಣ್ಣೆ ಹಚ್ಚುತ್ತಲೇ ಇದ್ದೆ.

ಫೆಬ್ರುವರಿ ೨೨

ಆಯಿತು. ಎಲ್ಲರೂ ಹೋದರು. ಪಡಸಾಲೆಯಲ್ಲಿ ಒಬ್ಬಳೇ ಕುಳಿತು ಬರೆಯುತ್ತಿದ್ದೇನೆ, ಯಾರೂ ನನ್ನ ಹತ್ತಿರ ಬರುತ್ತಿಲ್ಲ.

ಓಣಿಯ ಹೆಂಗಸರೆಲ್ಲ ಬಂದಿದ್ದರು, ಹಾವೇರಿಯಿಂದ ಗುಡದಪ್ಪನೂ. ತೊಟ್ಟಿಲಲ್ಲಿ ಹಾಕಿ, ಹನುಮಪ್ಪನ ತಂಗಿ ಗುಡ್ಡವ್ವ ಕೂಸಿನ ಕಿವಿಯಲ್ಲಿ ಮಂಗಳಾ ಎಂದು ಕೂಗಿದಳು. ಹಾಡಾಯಿತು. ಆಮೇಲೆ ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಕರಿಯವ್ವ ಒಂದು ಕೈಯಲ್ಲಿ ಅಕ್ಕಿ, ಕಾಯಿ, ಜಂಪರಿನ ಖಣ ಇಟ್ಟ ಮೊರ, ಇನ್ನೊಂದು ಕೈಯಲ್ಲಿ ಕೂಸು ಹಿಡಿದು ಬಂದಳು.

"ಸೆರಗು ಒಡ್ಡವಾ."

ನಾನು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿದೆ.

"ಒಡ್ಡ ಅಂದ್ರ ಕಟ್ಟಾಕತ್ತೀಯಲ್ಲ?" ಯಾರೋ ನಕ್ಕರು.

"ನನಗ ಕೂಸು ಬ್ಯಾಡ್ರಿ."

"ಆತಾತು, ಎಲ್ಲಾರೂ ಹಂಗ ಅಂತಾರ. ಒಡ್ಡು."

ನಾನು ಮಣೆಯಿಂದ ಎದ್ದು ನಿಂತೆ. ಉಡಿ ತುಂಬುವಾಗ ಮಣೆಯಿಂದ ಎದ್ದವರನ್ನು ನಾನೂ ಕಂಡಿಲ್ಲ. ನಗು ನಿಂತಿತು.

"ನಿನಗ ಹುಚ್ಚು ಹಿಡದೈತೇನು?" ಕರಿಯವ್ವನ ದನಿ ಏರಿತು. "ಕೂಸು ಬ್ಯಾಡಂದ್ರ ಮತ್ತೇನು ಬೇಕು ನಿನಗ?"

ಬಿಸ್ಮಿಲ್ಲಾಬಿ ಕೇಳಿದ ಪ್ರಶ್ನೆಯೇ. ಈ ಸಲ ಒಳಗೆ ಓಡಿ ಹೋಗಲು ಬಾಗಿಲು ಇರಲಿಲ್ಲ.

"ನನಗ ನನ್ನ ಖೋಲಿ ಬೇಕು," ಎಂದೆ. "ನನ್ನ ಮಷೀನು ಬೇಕು. ಹಿಡದ ಬಟ್ಟಿ ನಾನ ಹೊಲದು ಮುಗಸಬೇಕು. ಮುಂಜಾನೆ ನನ್ನ ಚಾ ಬಿಸಿ ಇದ್ದಾಗ ಕುಡೀಬೇಕು. ಅಷ್ಟು ಬೇಕು ನನಗ. ಕೂಸಿನ ಮ್ಯಾಲ ನನ್ನ ಜೀವ ಐತಿ ಅತ್ತೀ, ಆದ್ರ ಅದು ಜಯವ್ವಂದು. ಮಕ್ಕಳು ಬೇಕು ಅಂತ ನಾ ಅತ್ತಿದ್ದು ಖರೇ. ಆ ಆಸೆ ಯಾವಾಗ ಹೋತೋ ನನಗೂ ಗೊತ್ತಾಗಿಲ್ಲ. ಹೋಗೇತಿ. ಹಾವೇರಿಗೆ ನಾ ಬರಂಗಿಲ್ಲ."

ಎಷ್ಟು ಸಣ್ಣವು ಅನಿಸಿತು ಅಷ್ಟು ಜನರ ನಡುವೆ. ಖೋಲಿ, ಮಷೀನು, ಚಹಾ. ಒಂದು ಜೀವ ಬೇಡವೆಂದು ಕೇಳಿದ್ದು ಇಷ್ಟೇ ಏನು ಎಂದು ಎಲ್ಲರ ಮುಖದಲ್ಲೂ ಇತ್ತು. ಆದರೆ ಹೇಳುವಾಗ ನನ್ನ ದನಿ ನಡುಗಲಿಲ್ಲ.

ಜಯವ್ವ ತೊಟ್ಟಿಲ ಬದಿಯಿಂದ ಎದ್ದು ಬಂದಳು. ಅತ್ತೆಯ ಕೈಯಿಂದ ಕೂಸು ತೆಗೆದುಕೊಂಡು, ಸೆರಗಿನೊಳಗೆ ಹಾಕಿ, ನಮಗೆಲ್ಲ ಬೆನ್ನು ತಿರುಗಿಸಿ ಕುಳಿತು ಹಾಲು ಕುಡಿಸತೊಡಗಿದಳು. ಅವಳ ಬೆನ್ನು ಬಹಳ ಹೊತ್ತು ಅಲುಗಿತು.

ಗುಡದಪ್ಪ ಊಟ ಮಾಡದೆ ಬಸ್ಸಿಗೆ ನಡೆದ. ಮೊರ ಹಾಗೇ ಉಳಿದಿತ್ತು. ತಂದ ಉಡಿ ತಿರುಗಿ ಹೋಗಬಾರದು, ಅಷ್ಟನ್ನಾದರೂ ಹಾಕಿರಿ ಎಂದಳು ಓಣಿಯ ಒಬ್ಬ ಮುದುಕಿ. ಆಗ ನಾನು ಸೆರಗು ಬಿಚ್ಚಿ ಒಡ್ಡಿದೆ. ಅಕ್ಕಿ, ಕಾಯಿ, ಖಣ. ಬ್ಯಾಡ ಅನ್ನಲಿಲ್ಲ.

ರಾಣೇಬೆನ್ನೂರು, ಫೆಬ್ರುವರಿ ೨೪

ಬಾಣಂತನ ಅರ್ಧಕ್ಕೆ ಬಿಟ್ಟು ಬಂದವಳು ಎಂದು ಇನ್ನು ಬಳಗದಲ್ಲಿ ಹೆಸರಾಗುತ್ತದೆ. ಯುಗಾದಿಯವರೆಗೆ ನನ್ನ ಬದಲು ಗುಡ್ಡವ್ವ ಇರುತ್ತಾಳೆ. ಹೊರಡುವಾಗ ಕರಿಯವ್ವ ಮುಖ ತಿರುಗಿಸಿದಳು. ಜಯವ್ವ ನನ್ನ ಕೈ ಹಿಡಿದವಳು ಬಿಡಲಿಲ್ಲ. ಕೈ ನೋಯುವಷ್ಟು ಹಿಡಿದಿದ್ದಳು. ಬಸ್ಸಿನಲ್ಲಿ ಕೂಸಿನ ಬೆನ್ನ ವಾಸನೆ ನೆನಪಾಗಿ ಅತ್ತೆ. ಇನ್ನೂ ಕೆಲವು ದಿನ ಅಳುತ್ತೇನೆ.

ಇವತ್ತು ಎಚ್ಚರಾದಾಗ ಬಿಸಿಲು ಒಳಗೆ ಬಂದಿತ್ತು. ಉಡಿಯ ಖಣ ಬಿಚ್ಚಿ ನೋಡಿದೆ, ಹಸಿರಿಗೆ ಕೆಂಪು ಅಂಚು. ಇಂಥ ಖಣ ಪೆಟ್ಟಿಗೆಯಲ್ಲಿಟ್ಟು, ಮುಂದಿನ ಬಾಣಂತಿಗೋ ಮದುಮಗಳಿಗೋ ಉಡಿ ತುಂಬಿಬಿಡುವುದು ನನ್ನ ರೂಢಿ. ಇವತ್ತು ಮಷೀನಿನ ಮೇಲೆ ಹಾಸಿದೆ. ಅಳತೆಗೆ ನನ್ನ ಹಳೆಯ ಜಂಪರು ತೆಗೆದೆ. ಅದು ಮೇಡ್ಲೇರಿಗೆ ಸೊಸೆಯಾಗಿ ಹೋದಾಗಿನದು. ಇಷ್ಟು ವರ್ಷ ನನ್ನದನ್ನೆಲ್ಲ ಅದೇ ಅಳತೆಗೆ ಹೊಲಿದುಕೊಂಡು, ತೋಳು ಬಿಗಿಯಾದರೆ ದಣಿವು ಎಂದುಕೊಳ್ಳುತ್ತಿದ್ದೆ. ಊರವರಿಗೆಲ್ಲ ಟೇಪು ಹಿಡಿದವಳು ನನ್ನ ಮೈಗೆ ಒಮ್ಮೆಯೂ ಹಿಡಿದಿರಲಿಲ್ಲ.

ಬಿಸ್ಮಿಲ್ಲಾಬಿಯನ್ನು ಕರೆದು ಟೇಪು ಕೊಟ್ಟೆ. ಬರೆದುಕೊಳ್ಳಲು ಜೂನ್ ತಿಂಗಳ ಆ ಹಾಳೆ ತೆಗೆದೆ, ಅರಿಶಿನ ಬಿದ್ದದ್ದು. ಮಂಗಳಾಳ ಬರಹ ಮಂಗಳಾಳ ಹಣೆಯ ಮೇಲೆ ಇರಲಿ. ಹಾಳೆ ನನ್ನದು. ಮೇಲೆ ನನ್ನ ಪೂರ್ತಿ ಹೆಸರು, ಉಚ್ಚಂಗೆವ್ವ ಎಂದು ಬರೆದೆ. ಅವಳು ಎದೆ, ಬೆನ್ನು, ತೋಳು ಎಂದು ಕೂಗುತ್ತ ಹೋದಳು, ನಾನು ಬರೆಯುತ್ತ ಹೋದೆ.

ಎಲ್ಲ ಮುಗಿದ ಮೇಲೆ, ಬಂದ ಗಿರಾಕಿಗಳನ್ನು ನಾನು ಕೇಳುವ ದನಿಯಲ್ಲೇ ಬಿಸ್ಮಿಲ್ಲಾಬಿ ಅಣಕಿಸಿದಳು, "ಯಾವಾಗ ಬೇಕವಾ ನಿನಗ?"

ಯಾವಾಗಾದರೂ ನಡಿತೈತಿ ಎಂದು ಬಾಯಿಗೆ ಬಂದಿತ್ತು.

"ಲಗೂ ಬೇಕು," ಎಂದೆ. ಅದನ್ನೂ ಬರೆದುಕೊಂಡೆ.